ಶಾಲೆಯ ಮಗುವಿನ ಕೊಲೆಯಾದಾಗ ಪೋಷಕರಿಗೆ ಏನು, ಯಾವಾಗ, ಹೇಗೆ ಹೇಳಬೇಕು? ಐದು ತಪ್ಪು ನಂಬಿಕೆಗಳು

ಒಂದು ಶಾಲೆಯಲ್ಲಿ ಮಗುವಿನ ಕೊಲೆಯಾಗಿದೆ ಎಂಬ ಸುದ್ದಿ ಹಬ್ಬಿದ ಹತ್ತೇ ನಿಮಿಷಕ್ಕೆ ಪೋಷಕರ ವಾಟ್ಸಾಪ್ ಗ್ರೂಪ್ ಹೇಗಾಗುತ್ತದೆ ಎಂದು ನಿಮಗೆ ಗೊತ್ತು. ಒಬ್ಬರು ವಾಯ್ಸ್ ಮೆಸೇಜ್ ಹಾಕುತ್ತಾರೆ: "ನಮ್ಮ ಪರಿಚಯದವರೇ ಅಲ್ಲಿದ್ದಾರೆ, ಮೂರು ಮಕ್ಕಳಂತೆ." ಇನ್ನೊಬ್ಬರು ಯಾರದೋ ಫೋಟೊ ಹಾಕಿ "ಇವನೇ ಮಾಡಿದ್ದು, ಎಲ್ಲರಿಗೂ ಕಳಿಸಿ" ಎನ್ನುತ್ತಾರೆ. ಮತ್ತೊಬ್ಬರು ಗೇಟಿನ ಮುಂದೆ ನಿಂತು ವಿಡಿಯೊ ಮಾಡುತ್ತಾರೆ. ಎಲ್ಲರಿಂದಲೂ ಸುದ್ದಿ ಬರುತ್ತದೆ, ಶಾಲೆಯಿಂದ ಮಾತ್ರ ಬರುವುದಿಲ್ಲ.

ಅಂಥ ಹೊತ್ತಿನಲ್ಲಿ ಶಾಲೆ ಮನೆಯವರಿಗೆ ಏನು ಹೇಳಬೇಕು, ಯಾವುದನ್ನು ಹೇಳಬಾರದು ಎಂಬುದರ ಬಗ್ಗೆ ಮನೋವಿಜ್ಞಾನ, ಕಾನೂನು ಮತ್ತು ಹಿಂದಿನ ಘಟನೆಗಳಿಂದ ತಿಳಿದಿರುವುದು ಸಾಕಷ್ಟಿದೆ. ಆದರೆ ನಮ್ಮಲ್ಲಿ ಓಡಾಡುವ ನಂಬಿಕೆಗಳು ಬೇರೆಯೇ ಇವೆ. ಅವುಗಳಲ್ಲಿ ಐದನ್ನು ಇಲ್ಲಿ ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ನಮ್ಮ ದೇಶದ್ದೇ ಒಂದು ಪ್ರಕರಣ.

ಗುರುಗ್ರಾಮ, 2017: ಎಲ್ಲರ ಫೋನಿನಲ್ಲಿದ್ದ ಮುಖ

2017ರ ಸೆಪ್ಟೆಂಬರ್ 8ರ ಬೆಳಿಗ್ಗೆ ಹರಿಯಾಣದ ಗುರುಗ್ರಾಮದ ಒಂದು ಖಾಸಗಿ ಶಾಲೆಯ ಶೌಚಾಲಯದ ಬಳಿ ಎರಡನೇ ತರಗತಿಯ, ಏಳು ವರ್ಷದ ಬಾಲಕನ ಕೊಲೆಯಾಯಿತು. ಅದೇ ದಿನ ಶಾಲಾ ಬಸ್ಸಿನ ಕಂಡಕ್ಟರ್ ಒಬ್ಬರನ್ನು ಪೊಲೀಸರು ಬಂಧಿಸಿದರು, ತಪ್ಪೊಪ್ಪಿಕೊಂಡಿದ್ದಾನೆ ಎಂದರು. ಅವರ ಮುಖ ಎಲ್ಲ ಟಿವಿಗಳಲ್ಲಿ, ಎಲ್ಲ ಫೋನುಗಳಲ್ಲಿ ಬಂತು. ಎರಡು ದಿನಗಳಲ್ಲಿ ಶಾಲೆಯ ಮುಂದೆ ದೊಡ್ಡ ಪ್ರತಿಭಟನೆ ನಡೆಯಿತು, ಹತ್ತಿರದ ಮದ್ಯದಂಗಡಿಗೆ ಬೆಂಕಿ ಬಿತ್ತು, ಲಾಠಿ ಪ್ರಹಾರವಾಯಿತು.

ಮಗುವಿನ ತಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ತನಿಖೆ ಸಿಬಿಐ ಕೈಗೆ ಹೋಯಿತು. ನವೆಂಬರ್‌ನಲ್ಲಿ ಸಿಬಿಐ ಅದೇ ಶಾಲೆಯ 11ನೇ ತರಗತಿಯ ವಿದ್ಯಾರ್ಥಿಯೊಬ್ಬನನ್ನು ವಶಕ್ಕೆ ಪಡೆಯಿತು. ಕಂಡಕ್ಟರ್ ವಿರುದ್ಧ ಸಾಕ್ಷ್ಯವಿಲ್ಲ ಎಂದಿತು. 2018ರ ಫೆಬ್ರವರಿಯಲ್ಲಿ ನ್ಯಾಯಾಲಯ ಅವರನ್ನು ಆರೋಪದಿಂದ ಮುಕ್ತಗೊಳಿಸಿತು. ಆ ವಿದ್ಯಾರ್ಥಿಯ ಪ್ರಕರಣದ ವಿಚಾರಕ್ಕೆ ನಾವು ಇಲ್ಲಿ ಹೋಗುವುದಿಲ್ಲ. ನಮಗೆ ಮುಖ್ಯವಾದದ್ದು ಇಷ್ಟು: ಸೆಪ್ಟೆಂಬರ್‌ನಲ್ಲಿ "ಇವನೇ ಕೊಲೆಗಾರ" ಎಂದು ಫಾರ್ವರ್ಡ್ ಮಾಡಿದವರಲ್ಲಿ ಎಷ್ಟು ಮಂದಿ ಫೆಬ್ರವರಿಯಲ್ಲಿ "ಇವನಲ್ಲ" ಎಂದು ಫಾರ್ವರ್ಡ್ ಮಾಡಿದ್ದಾರು?

ಗಾಳಿಸುದ್ದಿಗೆ ಏನು ಬೇಕು?

1947ರಲ್ಲಿ ಗೋರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಗಾಳಿಸುದ್ದಿಯ ಬಗ್ಗೆ ಒಂದು ಸರಳ ಸೂತ್ರ ಕೊಟ್ಟರು. ವಿಷಯ ಎಷ್ಟು ಮುಖ್ಯ ಮತ್ತು ಎಷ್ಟು ಅಸ್ಪಷ್ಟ, ಇವೆರಡರ ಗುಣಾಕಾರವೇ ಗಾಳಿಸುದ್ದಿಯ ಬಲ. ಗುಣಾಕಾರ ಎಂಬುದನ್ನು ಗಮನಿಸಿ. ಎರಡರಲ್ಲಿ ಒಂದು ಸೊನ್ನೆಯಾದರೂ ಗಾಳಿಸುದ್ದಿ ಹುಟ್ಟುವುದಿಲ್ಲ.

ನಮ್ಮ ಮಗು ಓದುವ ಶಾಲೆಯಲ್ಲಿ ಒಂದು ಕೊಲೆಯಾದರೆ ಅದಕ್ಕಿಂತ ಮುಖ್ಯವಾದ ವಿಷಯ ಪೋಷಕರಿಗೆ ಬೇರೆ ಇರುವುದಿಲ್ಲ. ಆ ಮುಖ್ಯತೆಯನ್ನು ಯಾರೂ ಕಡಿಮೆ ಮಾಡಲಾರರು. ಶಾಲೆಯ ಕೈಯಲ್ಲಿ ಇರುವುದು ಎರಡನೆಯದು ಮಾತ್ರ, ಅಸ್ಪಷ್ಟತೆಯನ್ನು ತಗ್ಗಿಸುವುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಐದು ನಂಬಿಕೆಗಳನ್ನು ನೋಡೋಣ.

ನಂಬಿಕೆ 1: "ತನಿಖೆ ಮುಗಿಯುವವರೆಗೆ ಶಾಲೆ ಬಾಯಿ ಬಿಡಬಾರದು"

ಇದು ಅರ್ಧ ಸತ್ಯ. ಯಾರು ಮಾಡಿದರು, ಏಕೆ ಮಾಡಿದರು, ಹೇಗೆ ಮಾಡಿದರು ಎಂಬುದನ್ನು ಶಾಲೆ ಹೇಳಬಾರದು. ಅದು ಪೊಲೀಸರ ಮತ್ತು ನ್ಯಾಯಾಲಯದ ಕೆಲಸ. ಸಾಕ್ಷಿಗಳಾಗಬಹುದಾದ ಮಕ್ಕಳೂ ಅದೇ ಶಾಲೆಯಲ್ಲಿರುತ್ತಾರೆ, ಅವರ ನೆನಪಿನ ಮೇಲೆ ಬೇರೆಯವರ ಮಾತಿನ ಬಣ್ಣ ಬೀಳಬಾರದು.

ಆದರೆ ತನಿಖೆಗೆ ಅಡ್ಡಿಯಾಗದೆ ಹೇಳಬಹುದಾದದ್ದು ಬಹಳಷ್ಟಿದೆ. ಒಂದು ದುರ್ಘಟನೆ ನಡೆದಿದೆ, ಒಬ್ಬ ವಿದ್ಯಾರ್ಥಿ ತೀರಿಕೊಂಡಿದ್ದಾನೆ. ಪೊಲೀಸರು ಬಂದಿದ್ದಾರೆ. ಉಳಿದ ಮಕ್ಕಳು ಈಗ ಎಲ್ಲಿದ್ದಾರೆ, ಅವರನ್ನು ಯಾವ ಗೇಟಿನಿಂದ, ಎಷ್ಟು ಗಂಟೆಗೆ ಕರೆದುಕೊಂಡು ಹೋಗಬೇಕು. ನಾಳೆ ಶಾಲೆ ಇದೆಯೋ ಇಲ್ಲವೋ. ಮುಂದಿನ ಮಾಹಿತಿ ಎಷ್ಟು ಗಂಟೆಗೆ ಬರುತ್ತದೆ. ಈ ಐದಾರು ವಾಕ್ಯಗಳಿಂದ ಯಾವ ತನಿಖೆಯೂ ಕೆಡುವುದಿಲ್ಲ.

ಇದರಲ್ಲಿ ಕೊನೆಯ ವಾಕ್ಯವನ್ನು ಹಲವರು ಮರೆಯುತ್ತಾರೆ. "ಸಂಜೆ 6ಕ್ಕೆ ಮತ್ತೆ ತಿಳಿಸುತ್ತೇವೆ" ಎಂದು ಹೇಳಿ, 6ಕ್ಕೆ ಹೊಸದೇನೂ ಇಲ್ಲದಿದ್ದರೂ "ಹೊಸ ಮಾಹಿತಿ ಇಲ್ಲ, ನಾಳೆ ಬೆಳಿಗ್ಗೆ 8ಕ್ಕೆ ತಿಳಿಸುತ್ತೇವೆ" ಎಂದು ಕಳಿಸಿದರೆ ಪೋಷಕರು ಕಾಯುತ್ತಾರೆ. ಹೇಳಿದ ಹೊತ್ತಿಗೆ ಶಾಲೆ ಸುಮ್ಮನಿದ್ದರೆ ಆ ಜಾಗಕ್ಕೆ ವಾಯ್ಸ್ ಮೆಸೇಜ್ ಬಂದು ಕೂರುತ್ತದೆ.

2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದ ದಿನ ನೆನಪಿದೆಯೇ? ಅದು ಹುಸಿ ಬೆದರಿಕೆ, ಯಾರಿಗೂ ಏನೂ ಆಗಲಿಲ್ಲ. ಆದರೂ ಪೋಷಕರು ಕೆಲಸ ಬಿಟ್ಟು ಶಾಲೆಗಳಿಗೆ ಓಡಿದರು. ಹುಸಿ ಬೆದರಿಕೆಗೇ ಹೀಗಾದರೆ ನಿಜವಾಗಿಯೂ ಒಂದು ಸಾವು ಸಂಭವಿಸಿದಾಗ ಗೇಟಿನ ಮುಂದೆ ಏನಾಗಬಹುದು ಎಂದು ಊಹಿಸಿ. ಅದಕ್ಕಾಗಿಯೇ ಸಂದೇಶದ ಕರಡು, ಫೋನ್ ನಂಬರುಗಳ ಪಟ್ಟಿ, ಮಾತಾಡಬೇಕಾದ ಒಬ್ಬ ವ್ಯಕ್ತಿ, ಇವೆಲ್ಲ ಮೊದಲೇ ತಯಾರಿರಬೇಕು.

ನಂಬಿಕೆ 2: "ಗಾಬರಿ ಬೇಡ, ಎಲ್ಲರೂ ಸುರಕ್ಷಿತ ಎಂದು ಮೊದಲು ಹೇಳಿಬಿಡಬೇಕು"

ಒಳ್ಳೆಯ ಮನಸ್ಸಿನಿಂದ ಹೇಳಿದರೂ ಇದು ಅಪಾಯಕಾರಿ. 2022ರ ಮೇ 24ರಂದು ಅಮೆರಿಕದ ಟೆಕ್ಸಸ್ ರಾಜ್ಯದ ಯುವಾಲ್ಡೆ ಎಂಬ ಊರಿನ ಪ್ರಾಥಮಿಕ ಶಾಲೆಗೆ ಬಂದೂಕುಧಾರಿ ನುಗ್ಗಿದ. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅವನು ಶಾಲೆಯ ಒಳಗಿದ್ದ ಹೊತ್ತಿನಲ್ಲೇ ಅಲ್ಲಿನ ಶಾಲಾ ಆಡಳಿತದ ಫೇಸ್‌ಬುಕ್ ಪುಟದಲ್ಲಿ, ವಿದ್ಯಾರ್ಥಿಗಳೂ ಸಿಬ್ಬಂದಿಯೂ ಕಟ್ಟಡದೊಳಗೆ ಸುರಕ್ಷಿತವಾಗಿದ್ದಾರೆ ಎಂಬ ಸಂದೇಶ ಬಂದಿತ್ತು.

ಆಮೇಲೆ ಇನ್ನೊಂದು ನಡೆಯಿತು. ಮಕ್ಕಳಿಗಾಗಿ ಕಾಯುತ್ತಿದ್ದ ಮನೆಯವರಿಗೆ, ಬದುಕುಳಿದವರನ್ನು ಹೊತ್ತ ಇನ್ನೂ ಒಂದು ಬಸ್ಸು ಬರುತ್ತಿದೆ ಎಂದು ಹೇಳಲಾಯಿತು. ಅಂಥ ಬಸ್ಸು ಇರಲಿಲ್ಲ. ಅಮೆರಿಕದ ನ್ಯಾಯ ಇಲಾಖೆ 2024ರ ಜನವರಿಯಲ್ಲಿ ಪ್ರಕಟಿಸಿದ ವರದಿಯಲ್ಲಿ ಪೊಲೀಸರ ವೈಫಲ್ಯದ ಜೊತೆಗೆ ಕುಟುಂಬಗಳಿಗೆ ಸುದ್ದಿ ತಿಳಿಸಿದ ರೀತಿಯನ್ನೂ ಕಟುವಾಗಿ ಟೀಕಿಸಿತು. ಸಾವಿನ ಸುದ್ದಿ ಹೇಳಲು ಯಾವ ತರಬೇತಿಯೂ ಇಲ್ಲದವರು ಕೆಲವು ಮನೆಯವರಿಗೆ ಆ ಸುದ್ದಿ ಹೇಳಿದ್ದರು.

ಇದರಿಂದ ತಿಳಿಯುವುದೇನು? ಖಚಿತವಾಗದ ಸಮಾಧಾನ ಸಮಾಧಾನವಲ್ಲ. ಒಮ್ಮೆ ಸುಳ್ಳಾದರೆ ಆ ಶಾಲೆಯ ಮುಂದಿನ ಯಾವ ಮಾತನ್ನೂ ಯಾರೂ ನಂಬುವುದಿಲ್ಲ. "ನಮಗೆ ಈವರೆಗೆ ಖಚಿತವಾಗಿ ಗೊತ್ತಿರುವುದು ಇಷ್ಟು, ಉಳಿದದ್ದನ್ನು ಪರಿಶೀಲಿಸುತ್ತಿದ್ದೇವೆ" ಎಂಬುದೇ ಸರಿಯಾದ ಮಾತು.

ಮೊದಲು ಯಾರಿಗೆ?

ಇಲ್ಲಿ ಕ್ರಮ ತಪ್ಪಬಾರದು.

ಮೊದಲು ಆ ಮಗುವಿನ ಮನೆಯವರಿಗೆ. ಸಾಧ್ಯವಿದ್ದಷ್ಟೂ ಮುಖಾಮುಖಿ, ಕೂರಿಸಿ, ಸ್ಪಷ್ಟ ಮಾತಿನಲ್ಲಿ. ಅವರು ತಮ್ಮ ಮಗುವಿನ ಸಾವನ್ನು ಗ್ರೂಪಿನಲ್ಲಿ ಓದುವಂತಾಗಬಾರದು. ಆಮೇಲೆ ಸಿಬ್ಬಂದಿಗೆ: ಶಿಕ್ಷಕರ ಜೊತೆಗೆ ಆಯಾಗಳು, ಬಸ್ ಚಾಲಕರು, ಬಿಸಿಯೂಟ ಮಾಡುವವರೂ ಸೇರಿ. ಗೇಟಿನಲ್ಲಿ ಪೋಷಕರು ಮೊದಲು ಕೇಳುವುದು ಇವರನ್ನೇ. ನಂತರ ಮಕ್ಕಳಿಗೆ ತರಗತಿಯಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಉಳಿದ ಪೋಷಕರಿಗೆ. ಪತ್ರಿಕೆ, ಟಿವಿಯವರು ಕೊನೆಗೆ.

ಸ್ಮಾರ್ಟ್‌ಫೋನ್ ಇಲ್ಲದ ಮನೆಗಳನ್ನು ಮರೆಯಬಾರದು. ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಸದಸ್ಯರು ಅಥವಾ ಶಿಕ್ಷಕರೇ ಮನೆಗೆ ಹೋಗಿ ಹೇಳಬಹುದು. ಸಂದೇಶ ಪೋಷಕರಿಗೆ ಓದಲು ಬರುವ ಭಾಷೆಯಲ್ಲಿರಬೇಕು. ಇಂಗ್ಲಿಷ್‌ನಲ್ಲಿ ಬಂದ ಪಿಡಿಎಫ್ ಅರ್ಥವಾಗದ ತಾಯಿ ಪಕ್ಕದ ಮನೆಯವರ ಫಾರ್ವರ್ಡ್ ನಂಬಿದರೆ ತಪ್ಪು ಅವಳದ್ದಲ್ಲ.

ನಂಬಿಕೆ 3: "ಚಿಕ್ಕ ಮಕ್ಕಳಿಗೆ ಸತ್ಯ ಹೇಳಬಾರದು, ಹೆದರುತ್ತಾರೆ"

ಮಕ್ಕಳು ಸುದ್ದಿಯನ್ನು ಕೇಳಿಯೇ ಕೇಳುತ್ತಾರೆ. ಬಸ್ಸಿನಲ್ಲಿ, ಆಟದ ಬಯಲಿನಲ್ಲಿ, ಅಡುಗೆಮನೆಯಲ್ಲಿ ದೊಡ್ಡವರು ಪಿಸುಗುಟ್ಟುವಾಗ. ನಾವು ಹೇಳದಿದ್ದರೆ ಅವರಿಗೆ ಸಿಗುವುದು ಅರೆಬರೆ ಸುದ್ದಿ, ಅದಕ್ಕೆ ಅವರ ಕಲ್ಪನೆ ಸೇರಿದರೆ ಭಯ ಇನ್ನೂ ಹೆಚ್ಚು.

ಸಾವು ಎಂದರೆ ಮರಳಿ ಬರಲಾಗದ್ದು, ದೇಹ ಕೆಲಸ ನಿಲ್ಲಿಸುವುದು, ಎಲ್ಲರಿಗೂ ಒಂದು ದಿನ ಬರುವುದು ಎಂಬ ತಿಳಿವಳಿಕೆ ಹೆಚ್ಚಿನ ಮಕ್ಕಳಲ್ಲಿ ಐದರಿಂದ ಏಳು ವರ್ಷದ ಹೊತ್ತಿಗೆ ಮೂಡುತ್ತದೆ. ಅದಕ್ಕಿಂತ ಚಿಕ್ಕವರು ಸತ್ತವರು ತಿರುಗಿ ಬರುತ್ತಾರೆ ಎಂದುಕೊಳ್ಳಬಹುದು. ಆದ್ದರಿಂದ "ಅವನು ಮಲಗಿದ್ದಾನೆ", "ದೂರದ ಊರಿಗೆ ಹೋಗಿದ್ದಾನೆ", "ಒಳ್ಳೆಯವನು ಅಂತ ದೇವರು ಕರೆದುಕೊಂಡ" ಎಂಬ ಮಾತುಗಳು ತೊಂದರೆ ಕೊಡುತ್ತವೆ. ಮಗುವಿಗೆ ರಾತ್ರಿ ಮಲಗಲು ಭಯವಾಗಬಹುದು, ಅಪ್ಪ ಊರಿಗೆ ಹೊರಟರೆ ಅಳಬಹುದು, ಒಳ್ಳೆಯವನಾಗಿರುವುದೇ ಅಪಾಯ ಅನ್ನಿಸಬಹುದು.

"ಸತ್ತುಹೋದ" ಎಂಬ ಪದವನ್ನೇ ಬಳಸಿ. ಒಬ್ಬರು ಅವನಿಗೆ ನೋವು ಮಾಡಿದರು, ಅದರಿಂದ ಅವನು ಸತ್ತುಹೋದ, ಇದು ನಿನ್ನ ತಪ್ಪಲ್ಲ, ನಿನ್ನನ್ನು ನೋಡಿಕೊಳ್ಳಲು ನಾವಿದ್ದೇವೆ. ಚಿಕ್ಕವರಿಗೆ ಇಷ್ಟು ಸಾಕು. ಗಾಯದ ವಿವರ ಬೇಡ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸಿ, ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಸಿಟ್ಟಾಗಬೇಡಿ.

ಶಾಲೆಯಲ್ಲಿ ಇದನ್ನು ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಮೈಕಿನಲ್ಲಿ ಹೇಳುವುದು ಸರಿಯಲ್ಲ. ನೂರಾರು ಮಕ್ಕಳ ನಡುವೆ ಯಾರು ಬೆವರುತ್ತಿದ್ದಾರೆ, ಯಾರು ಕುಸಿಯುತ್ತಿದ್ದಾರೆ ಎಂದು ಕಾಣುವುದಿಲ್ಲ. ಮಕ್ಕಳಿಗೆ ಪರಿಚಯವಿರುವ ಶಿಕ್ಷಕರು ತಮ್ಮ ತರಗತಿಯಲ್ಲೇ ಹೇಳಬೇಕು. ಎಲ್ಲ ಶಿಕ್ಷಕರ ಕೈಯಲ್ಲೂ ಒಂದೇ ಬರಹ ಇರಬೇಕು, ಇಲ್ಲದಿದ್ದರೆ ಏಳನೇ ತರಗತಿಗೆ ಒಂದು ಕಥೆ, ಎಂಟನೆಯದಕ್ಕೆ ಇನ್ನೊಂದು ಕಥೆಯಾಗುತ್ತದೆ.

ಟಿವಿ ಮತ್ತು ಫೋನಿನ ಬಗ್ಗೆಯೂ ಒಂದು ಮಾತು. 2013ರಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಸ್ಫೋಟವಾದ ನಂತರ ದೊಡ್ಡವರ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಆ ವಾರ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಅದರ ಸುದ್ದಿ, ದೃಶ್ಯಗಳನ್ನು ನೋಡಿದವರು, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚಿನ ಮಾನಸಿಕ ಒತ್ತಡದ ಲಕ್ಷಣಗಳನ್ನು ಹೇಳಿಕೊಂಡಿದ್ದರು. ಇನ್ನು ಚಿಕ್ಕ ಮಕ್ಕಳಿಗಾದರೆ, ಅದೇ ದೃಶ್ಯ ಮತ್ತೆ ಮತ್ತೆ ಬಂದಾಗ ಅದು ಪ್ರತಿ ಸಲವೂ ಹೊಸದಾಗಿ ನಡೆಯುತ್ತಿದೆ ಅನ್ನಿಸಬಹುದು.

ನಂಬಿಕೆ 4: "ಮರುದಿನವೇ ಎಲ್ಲ ಮಕ್ಕಳನ್ನೂ ಕೂರಿಸಿ ನಡೆದದ್ದನ್ನು ಹೇಳಿಸಿದರೆ ಮನಸ್ಸು ಹಗುರಾಗುತ್ತದೆ"

ಒಂದು ಕಾಲದಲ್ಲಿ ತಜ್ಞರೂ ಹೀಗೇ ನಂಬಿದ್ದರು. ಆಘಾತವಾದ ಕೆಲವೇ ದಿನಗಳಲ್ಲಿ ಒಂದೇ ಸಲ ಕೂರಿಸಿ ಕಂಡದ್ದು, ಅನ್ನಿಸಿದ್ದು ಎಲ್ಲವನ್ನೂ ಹೇಳಿಸುವ ವಿಧಾನಕ್ಕೆ 'ಡಿಬ್ರೀಫಿಂಗ್' ಎನ್ನುತ್ತಾರೆ. ಈ ಕುರಿತ ಅಧ್ಯಯನಗಳನ್ನು ಒಟ್ಟಾಗಿ ನೋಡಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆ, ಇದರಿಂದ ಮುಂದೆ ಬರಬಹುದಾದ ಆಘಾತದ ಕಾಯಿಲೆ ತಪ್ಪುವುದಿಲ್ಲ ಎಂದು ತಿಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ ಈ ವಿಧಾನ ಬೇಡ ಎನ್ನುತ್ತದೆ.

ಅದರ ಬದಲು ಶಿಫಾರಸು ಮಾಡುವುದು ಮಾನಸಿಕ ಪ್ರಥಮ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದಕ್ಕೊಂದು ಕೈಪಿಡಿ ಹೊರತಂದಿತು. ಅದರ ಸಾರ ಮೂರು ಮಾತು: ನೋಡು, ಕೇಳು, ಜೋಡಿಸು. ಯಾರಿಗೆ ತೊಂದರೆಯಾಗಿದೆ ಎಂದು ನೋಡುವುದು, ಮಾತಾಡಲು ಬಂದರೆ ಕೇಳಿಸಿಕೊಳ್ಳುವುದು, ಬೇಕಾದ ಸಹಾಯದ ಜೊತೆ ಜೋಡಿಸುವುದು. ಮಾತಾಡು ಎಂದು ಒತ್ತಾಯಿಸುವಂತಿಲ್ಲ.

ಹಾಗಾಗಿ ಪೋಷಕರಿಗೆ ಹೋಗುವ ಪತ್ರದಲ್ಲಿ ಸಹಜ ಪ್ರತಿಕ್ರಿಯೆಗಳು ಯಾವುವು ಎಂದು ತಿಳಿಸಬೇಕು. ನಿದ್ದೆ ಬಾರದಿರುವುದು, ಹೊಟ್ಟೆನೋವು, ಶಾಲೆಗೆ ಹೋಗುವುದಿಲ್ಲ ಎನ್ನುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಸಿಟ್ಟು, ಅಥವಾ ಏನೂ ಆಗಿಲ್ಲವೆಂಬಂತೆ ಆಡುತ್ತಿರುವುದು. ಹೆಚ್ಚಿನ ಮಕ್ಕಳಲ್ಲಿ ಇವು ಕೆಲವು ವಾರಗಳಲ್ಲಿ ತಗ್ಗುತ್ತವೆ. ಒಂದು ತಿಂಗಳಾದರೂ ಕಡಿಮೆಯಾಗದಿದ್ದರೆ, ಅಥವಾ ಸಾಯುವ ಮಾತಾಡಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕಣ್ಣಾರೆ ಕಂಡ ಮಕ್ಕಳು, ಹತ್ತಿರದ ಗೆಳೆಯರು, ಮನೆಯಲ್ಲಿ ಈಗಾಗಲೇ ಒಂದು ಸಾವು ಕಂಡವರು, ಇವರ ಮೇಲೆ ಹೆಚ್ಚು ಗಮನವಿರಲಿ.

ನಂಬಿಕೆ 5: "ಫೋಟೊ, ಹೆಸರು ಹಂಚಿದರೆ ನ್ಯಾಯ ಬೇಗ ಸಿಗುತ್ತದೆ"

ಮೊದಲು ಕಾನೂನು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಗು, ಅಪರಾಧಕ್ಕೆ ಬಲಿಯಾದ ಮಗು, ಸಾಕ್ಷಿಯಾದ ಮಗು ಇವರ ಗುರುತು ತಿಳಿಯುವಂಥ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಮಾಧ್ಯಮದಲ್ಲಾಗಲಿ ಬೇರೆ ಸಂವಹನದ ರೂಪದಲ್ಲಾಗಲಿ ಬಹಿರಂಗಪಡಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಪೋಕ್ಸೊ ಕಾಯ್ದೆಯೂ ಅನ್ವಯಿಸುತ್ತದೆ. ಸಂತ್ರಸ್ತೆ ಮೃತಪಟ್ಟಿದ್ದರೂ ಹೆಸರು ಬಹಿರಂಗಪಡಿಸಬಾರದು ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಹೇಳಿದೆ. ಗುರುಗ್ರಾಮದ ಪ್ರಕರಣದಲ್ಲೂ ಮಗುವಿಗೆ ಮತ್ತು ಆರೋಪಿ ವಿದ್ಯಾರ್ಥಿಗೆ ಬದಲಿ ಹೆಸರು ಬಳಸುವಂತೆ ನ್ಯಾಯಾಲಯ ಮಾಧ್ಯಮಗಳಿಗೆ ಸೂಚಿಸಿತ್ತು. ಈ ಲೇಖನದಲ್ಲಿ ನಾವು ಹೆಸರುಗಳನ್ನು ಬರೆಯದಿರಲು ಅದೂ ಒಂದು ಕಾರಣ.

ಇನ್ನು ನ್ಯಾಯದ ಮಾತು. 2024ರ ಜುಲೈ 29ರಂದು ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ಮಕ್ಕಳ ನೃತ್ಯ ತರಗತಿಯೊಂದರ ಮೇಲೆ ಚಾಕು ದಾಳಿಯಾಗಿ ಮೂವರು ಬಾಲಕಿಯರು ಸತ್ತರು. ಕೆಲವೇ ಗಂಟೆಗಳಲ್ಲಿ ಒಂದು ಸುಳ್ಳು ಹೆಸರು, ಅವನು ಆಶ್ರಯ ಕೋರಿ ಬಂದ ವಲಸಿಗ ಎಂಬ ಸುಳ್ಳು ವಿವರ ಹಬ್ಬಿತು. ಮರುದಿನ ಆ ಊರಿನ ಮಸೀದಿಯ ಮೇಲೆ ದಾಳಿ ನಡೆಯಿತು, ಆಮೇಲೆ ಹಲವು ಊರುಗಳಲ್ಲಿ ಗಲಭೆಯಾಯಿತು. ಆರೋಪಿ ಬ್ರಿಟನ್ನಿನಲ್ಲೇ ಹುಟ್ಟಿದ 17 ವರ್ಷದ ಹುಡುಗನಾಗಿದ್ದ.

ನಮ್ಮ ಕರ್ನಾಟಕವೇನೂ ಹೊರತಲ್ಲ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಜನರ ಗುಂಪು ಹೊರರಾಜ್ಯದ ಯುವಕನನ್ನು ಹೊಡೆದು ಕೊಂದಿತು. ಅದೇ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕಾರಣಕ್ಕೆ ಹೈದರಾಬಾದಿನ ಎಂಜಿನಿಯರ್ ಒಬ್ಬರ ಜೀವ ಹೋಯಿತು. ಅವರ ಕಾರಿಗಿಂತ ಮುಂದೆ ಅವರ ವಿಡಿಯೊ ಪಕ್ಕದ ಊರು ತಲುಪಿತ್ತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತರುವುದಾಗಿ ಪ್ರಕಟಿಸಿತು.

ಶಾಲೆಯ ಸಂದೇಶ ಹೇಗಿರಬೇಕು? ಒಂದು ಮಾದರಿ

"ಪ್ರೀತಿಯ ಪೋಷಕರೇ, ಇಂದು ಬೆಳಿಗ್ಗೆ ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬರು ಹಿಂಸಾಚಾರದ ಘಟನೆಯಲ್ಲಿ ತೀರಿಕೊಂಡಿದ್ದಾರೆ. ಅವರ ಕುಟುಂಬಕ್ಕೆ ತಿಳಿಸಿದ ನಂತರ ಈ ಸಂದೇಶ ಕಳಿಸುತ್ತಿದ್ದೇವೆ. ಪೊಲೀಸರು ತನಿಖೆ ನಡೆಸುತ್ತಿದ್ದಾರೆ, ಆ ಬಗ್ಗೆ ನಾವು ಮಾತಾಡುವುದಿಲ್ಲ. ಎಲ್ಲ ತರಗತಿಗಳ ಹಾಜರಿ ತೆಗೆದುಕೊಂಡಿದ್ದೇವೆ, ಉಳಿದ ಎಲ್ಲ ಮಕ್ಕಳೂ ಶಿಕ್ಷಕರ ಜೊತೆ ತರಗತಿಗಳಲ್ಲಿದ್ದಾರೆ. 1ರಿಂದ 5ನೇ ತರಗತಿಯವರನ್ನು ಮುಂದಿನ ಗೇಟಿನಿಂದ 12 ಗಂಟೆಗೆ, ಉಳಿದವರನ್ನು ಹಿಂದಿನ ಗೇಟಿನಿಂದ 12.30ಕ್ಕೆ ಕಳಿಸುತ್ತೇವೆ, ಗುರುತಿನ ಚೀಟಿ ತನ್ನಿ. ನಾಳೆ ರಜೆ. ನಾಡಿದ್ದು ಶಾಲೆ ತೆರೆದಾಗ ಆಪ್ತ ಸಮಾಲೋಚಕರು ಇರುತ್ತಾರೆ. ಫೋಟೊ, ಹೆಸರು, ವಿಡಿಯೊ ಹಂಚಬೇಡಿ. ಮುಂದಿನ ಮಾಹಿತಿ ಇಂದು ಸಂಜೆ 6ಕ್ಕೆ, ಇದೇ ನಂಬರಿನಿಂದ. ಮುಖ್ಯೋಪಾಧ್ಯಾಯರು."

ದಿನಾಂಕ, ಸಮಯ, ಕಳಿಸಿದವರ ಹುದ್ದೆ, ಮಾಡಬೇಕಾದ ಕೆಲಸ ಇದರಲ್ಲಿ ಕಾಣಬೇಕು. "ಹಾಜರಿ ತೆಗೆದುಕೊಂಡಿದ್ದೇವೆ" ಎಂಬ ಮಾತು ಹಾಜರಿ ನಿಜವಾಗಿ ತೆಗೆದುಕೊಂಡ ಮೇಲಷ್ಟೇ ಬರಬೇಕು. ಕುಟುಂಬ ಒಪ್ಪದೆ ಹೆಸರು ಹಾಕಬಾರದು, ಕಾನೂನು ತಡೆಯುವಲ್ಲಿ ಒಪ್ಪಿದರೂ ಹಾಕಬಾರದು.

ಮೊದಲ ದಿನ ಮುಗಿದ ಮೇಲೆ

ಸಂದೇಶಗಳು ನಿಂತ ಮೇಲೂ ಒಂದು ಮನೆಗೆ ಶಾಲೆಯಿಂದ ಸಂದೇಶಗಳು ಹೋಗುತ್ತಲೇ ಇರುತ್ತವೆ. ಈಗ ಬಹಳ ಶಾಲೆಗಳಲ್ಲಿ ಹಾಜರಿ, ಶುಲ್ಕದ ನೆನಪೋಲೆ ಕಂಪ್ಯೂಟರಿನಿಂದ ತಾನಾಗಿಯೇ ಹೋಗುತ್ತದೆ. ಮಗುವನ್ನು ಮಣ್ಣು ಮಾಡಿ ಬಂದ ಮರುದಿನ ತಾಯಿಯ ಫೋನಿಗೆ "ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ" ಎಂಬ ಎಸ್‌ಎಂಎಸ್ ಬಂದರೆ ಹೇಗಿರುತ್ತದೆ? ಯಾರೂ ಬೇಕೆಂದು ಕಳಿಸಿದ್ದಲ್ಲ, ಯಾರೂ ತಡೆಯದೆ ಹೋದದ್ದು. ಆದ್ದರಿಂದ ಆ ಸಂಜೆಯೇ ಹೆಸರನ್ನು ಆ ಪಟ್ಟಿಯಿಂದ ತೆಗೆಯುವ ಕೆಲಸ ಒಬ್ಬರಿಗೆ ವಹಿಸಬೇಕು.

ಮಗುವಿನ ಚೀಲ, ಪುಸ್ತಕ, ಚಿತ್ರಗಳನ್ನು ಪೊಲೀಸರು ಒಪ್ಪಿದ ಮೇಲೆ ಶಿಕ್ಷಕರೇ ಮನೆಗೆ ತಲುಪಿಸಬೇಕು. ಖಾಲಿ ಬೆಂಚನ್ನು ಏನು ಮಾಡುವುದು ಎಂದು ತರಗತಿಯ ಮಕ್ಕಳೊಡನೆ ಮಾತಾಡಿ ನಿರ್ಧರಿಸಬೇಕು. ಮನೆಯವರ ಜೊತೆ ಮಾತಾಡಲು ಶಾಲೆಯ ಕಡೆಯಿಂದ ಒಬ್ಬರೇ ಇರಲಿ, ಅವರು ವಕೀಲರ ಭಾಷೆಯಲ್ಲಿ ಮಾತಾಡದಿರಲಿ. "ನಮ್ಮ ಶಾಲೆಯ ಹೆಸರು ಕೆಡುತ್ತದೆ" ಎಂಬ ಮಾತು ಆ ಮನೆಯಲ್ಲಿ ಬರಲೇಬಾರದು.

ಗುರುಗ್ರಾಮದ ಘಟನೆಯ ನಂತರ ಸಿಬಿಎಸ್‌ಇ ಸಿಸಿಟಿವಿ, ಸಿಬ್ಬಂದಿಯ ಪೊಲೀಸ್ ಪರಿಶೀಲನೆಯ ಬಗ್ಗೆ ಸುತ್ತೋಲೆ ಹೊರಡಿಸಿತು. ಮಕ್ಕಳ ಸುರಕ್ಷತೆಗೆ ಶಾಲಾ ಆಡಳಿತವನ್ನು ಹೊಣೆ ಮಾಡುವ ಮಾರ್ಗಸೂಚಿಯನ್ನು ಕೇಂದ್ರ ಶಿಕ್ಷಣ ಇಲಾಖೆ 2021ರಲ್ಲಿ ತಂದಿತು. ಇವು ಬೇಕು. ಆದರೆ ಮುಂದಿನ ಪೋಷಕರ ಸಭೆಯಲ್ಲಿ ಕ್ಯಾಮೆರಾ ಎಷ್ಟಿವೆ ಎಂದು ಕೇಳುವಾಗ ಇದನ್ನೂ ಕೇಳಿ: "ಏನಾದರೂ ಆದರೆ ನಮಗೆ ಯಾರು ಹೇಳುತ್ತಾರೆ, ಯಾವ ನಂಬರಿನಿಂದ?"

ಫಾರ್ವರ್ಡ್ ಬಂದರೆ ನೀವೇನು ಮಾಡಬೇಕು?

ಶಾಲೆಯ ಹೆಸರು, ದಿನಾಂಕ, ಕಳಿಸಿದವರ ಹುದ್ದೆ ಇಲ್ಲದ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. "ಎಲ್ಲ ಗ್ರೂಪ್‌ಗಳಿಗೂ ಕಳಿಸಿ" ಎಂದಿದ್ದರೆ ಅನುಮಾನ ಹೆಚ್ಚಿರಲಿ. ಯಾವ ಮಗುವಿನ ಫೋಟೊವನ್ನೂ ಹಂಚಬೇಡಿ. ನಿಮಗೆ ನಿಜವಾಗಿ ಏನಾದರೂ ಗೊತ್ತಿದ್ದರೆ ಅದನ್ನು ಗ್ರೂಪಿಗೆ ಹಾಕದೆ ಪೊಲೀಸರಿಗೆ 112ಕ್ಕೆ ಕರೆ ಮಾಡಿ ತಿಳಿಸಿ. ತಪ್ಪು ಸುದ್ದಿ ಹಾಕಿದವರನ್ನು ಗ್ರೂಪಿನಲ್ಲಿ ಬೈಯುವ ಬದಲು ಅವರಿಗೊಂದು ಫೋನ್ ಮಾಡಿ, ಅಳಿಸಲು ಹೇಳಿ.

ಮಕ್ಕಳಿಗೆ ಸಹಾಯ ಬೇಕಾದರೆ ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಇದರ ರಾಷ್ಟ್ರಮಟ್ಟದ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಫಾರ್ವರ್ಡ್ ಮಾಡಲೇಬೇಕು ಅನ್ನಿಸಿದರೆ ಈ ಎರಡು ನಂಬರುಗಳನ್ನು ಫಾರ್ವರ್ಡ್ ಮಾಡಿ.